ಮೊಮ್ಮಗನ ಜೊತೆ ಮೈನ್‌ಕ್ರಾಫ್ಟ್

ಶಿರಸಿಯಲ್ಲಿರುವ ನನಗೂ ಡಲ್ಲಾಸ್‌ನಲ್ಲಿರುವ ಹತ್ತು ವರ್ಷದ ಮೊಮ್ಮಗನಿಗೂ ವಿಡಿಯೋ ಕಾಲ್‌ನಲ್ಲಿ ಮಾತು ಬೇಗ ಮುಗಿದುಹೋಗುತ್ತಿತ್ತು. ‘ಊಟ ಆಯ್ತಾ?’ ‘ಯಾ.’ ‘ಶಾಲೆ ಹೇಗಿದೆ?’ ‘ಗುಡ್.’ ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರಬೇಕು. ಈಗ ನನ್ನ ಭಾನುವಾರ ಬೆಳಿಗ್ಗೆ, ಅವನ ಶನಿವಾರ ರಾತ್ರಿ, ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ನಾವಿಬ್ಬರೂ ಮೈನ್‌ಕ್ರಾಫ್ಟ್ ಆಡುತ್ತೇವೆ.

ಸ್ವೀಡನ್ನಿನಲ್ಲಿ ಹುಟ್ಟಿ 2011ರಲ್ಲಿ ಪೂರ್ಣರೂಪದಲ್ಲಿ ಬಂದ ವಿಡಿಯೋ ಗೇಮ್ ಇದು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಮೊದಲು ಬರಿಗೈಯಲ್ಲಿ ಮರ ಗುದ್ದಿ ಕಟ್ಟಿಗೆ ಮಾಡಿಕೊಳ್ಳಬೇಕು. ಮರದ ಪಿಕಾಸಿಗೆ ಕಲ್ಲು ಒಡೆಯುತ್ತದೆ, ಕಬ್ಬಿಣದ ಅದಿರಿಗೆ ಕಲ್ಲಿನ ಪಿಕಾಸಿಯಾದರೂ ಬೇಕು, ವಜ್ರಕ್ಕೆ ಕಬ್ಬಿಣದ್ದು. ಆಟದ ಒಂದು ಹಗಲು-ರಾತ್ರಿಗೆ ನಮ್ಮ 20 ನಿಮಿಷ. ಕತ್ತಲಾಗುವುದರೊಳಗೆ ಗೋಡೆ ಎಬ್ಬಿಸಿಕೊಳ್ಳದಿದ್ದರೆ ಪಿಶಾಚಿಗಳ ಕಾಟ. ಕ್ರೀಪರ್ ಎಂಬ ಹಸಿರು ಪ್ರಾಣಿಯಂತೂ ಸದ್ದಿಲ್ಲದೆ ಬಂದು ಸಿಡಿದು, ಕಟ್ಟಿದ ಮನೆಯನ್ನೂ ಹಾರಿಸಿಬಿಡುತ್ತದೆ. ‘ಯಾ, ಗುಡ್’ ಬಿಟ್ಟರೆ ಬಾಯಿ ಬಿಡದಿದ್ದ ಹುಡುಗ ‘ಅಜ್ಜಾ, ಹಿಂದೆ ಕ್ರೀಪರ್! ಓಡು!’ ಎಂದು ಅಚ್ಚ ಕನ್ನಡದಲ್ಲಿ ಕೂಗುತ್ತಾನೆ.

ಕಟ್ಟುತ್ತಾ ಕಟ್ಟುತ್ತಾ ಬೇರೆ ಮಾತೂ ಬರುತ್ತದೆ. ಶಾಲೆಯಲ್ಲಿ ಮಧ್ಯಾಹ್ನ ಊಟಕ್ಕೆ ಒಬ್ಬನೇ ಕೂರುತ್ತೇನೆ ಎಂದು ಅವನು ಹೇಳಿದ್ದು ನಾವು ಮಾಳಿಗೆಗೆ ಹಲಗೆ ಜೋಡಿಸುತ್ತಿದ್ದಾಗ. ಅವನ ಅಮ್ಮನಿಗೂ ಅದು ಗೊತ್ತಿರಲಿಲ್ಲ. ನಮ್ಮ ಕಡೆ ಅಡಿಕೆ ಸುಲಿಯುವ ರಾತ್ರಿಗಳಲ್ಲೂ ಹೀಗೇ: ಕೈ ಮೆಟ್ಟುಗತ್ತಿಯ ಹತ್ತಿರ, ಕಣ್ಣು ಅಡಿಕೆಯ ಮೇಲೆ; ಎದುರು ಕೂರಿಸಿಕೊಂಡು ಕೇಳಿದರೆ ಬಾರದ ಮಾತು ಅಲ್ಲಿ ತಾನಾಗಿ ಹೊರಬೀಳುತ್ತದೆ.

ಆಟದೊಳಗಿನ ಸ್ನೇಹ ಸುಳ್ಳು ಸ್ನೇಹ ಅನ್ನುವವರಿಗೆ ನಾನು ನಾರ್ವೆಯ ಮಾಟ್ಸ್ ಸ್ಟೀನ್‌ನ ಕಥೆ ಹೇಳುತ್ತೇನೆ. ಸ್ನಾಯುಗಳು ಸವೆಯುತ್ತಾ ಹೋಗುವ ಡುಶೆನ್ ಕಾಯಿಲೆ ಅವನಿಗೆ. ಗಾಲಿಕುರ್ಚಿಯಲ್ಲೇ ಬಾಳಿ 2014ರಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಸ್ನೇಹಿತರಿಲ್ಲದೆ ಒಂಟಿಯಾಗಿಯೇ ಹೋದ ಎಂದು ತಂದೆತಾಯಿ ಕೊರಗಿದ್ದರು. ಸಾವಿನ ಸುದ್ದಿಯನ್ನು ಅವನದೇ ಬ್ಲಾಗ್‌ನಲ್ಲಿ ಹಾಕಿದ್ದೇ ತಡ, ಎಲ್ಲೆಲ್ಲಿಂದಲೋ ಸಂತಾಪದ ಪತ್ರಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಅವನು ‘ಇಬೆಲಿನ್’ ಆಗಿದ್ದ. ನೆದರ್‌ಲ್ಯಾಂಡ್ಸ್‌ನ ಗೆಳತಿಯೊಬ್ಬಳ ಮನೆಯಲ್ಲಿ ಆಟ ಬಂದ್ ಮಾಡಿಸಿದಾಗ ಅವಳ ತಂದೆತಾಯಿಗೆ ಕಾಗದ ಬರೆದು ಕೇಳಿಕೊಂಡವನು ಇವನೇ. ಆಟದ ಗೆಳೆಯರು ಬೇರೆ ದೇಶಗಳಿಂದ ಅಂತ್ಯಸಂಸ್ಕಾರಕ್ಕೂ ಬಂದರು. 2024ರಲ್ಲಿ ಈ ಬದುಕಿನ ಸಾಕ್ಷ್ಯಚಿತ್ರ ನೆಟ್‌ಫ್ಲಿಕ್ಸ್‌ಗೆ ಬಂತು. ಕರವಸ್ತ್ರ ಹತ್ತಿರ ಇಟ್ಟುಕೊಂಡು ನೋಡಿ.

ಕೈಚಳಕದ ಲಾಭವನ್ನೂ ಹೇಳುವುದುಂಟು. ಅಮೆರಿಕದಲ್ಲಿ 33 ಶಸ್ತ್ರವೈದ್ಯರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ವಾರಕ್ಕೆ ಮೂರು ಗಂಟೆಗೂ ಹೆಚ್ಚು ವಿಡಿಯೋ ಗೇಮ್ ಆಡುತ್ತಿದ್ದವರು ಸಣ್ಣ ರಂಧ್ರದ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯ ಅಭ್ಯಾಸದಲ್ಲಿ ಶೇ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಆಟದಿಂದ ಕೈ ಚುರುಕಾಯಿತೋ, ಚುರುಕು ಕೈಯವರೇ ಆಟಕ್ಕೆ ಹೋದರೋ, ಅಷ್ಟರಿಂದಲೇ ಹೇಳಲಾಗದು.

ಆಟದ ಗೀಳಿನ ಮಾತೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಗೇ ಸೇರಿಸಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಬೇರೆಯೇ ಪಿಡುಗು. 2025ರಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯ್ದೆ ತಂದದ್ದು ಒಳ್ಳೆಯದೇ ಆಯಿತು. ಆದರೆ ಮನೆಯ ಮಗು ಆಡುವುದೆಲ್ಲ ಜೂಜಲ್ಲ. ‘ಸಾಕು, ಬಂದ್ ಮಾಡು’ ಅನ್ನುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ‘ನನಗೂ ಕಲಿಸು’ ಅನ್ನಿ. ಎಷ್ಟು ಹೊತ್ತು ಆಡಬೇಕೆಂಬ ಕಟ್ಟುಪಾಡನ್ನು ಆಮೇಲೆ ಇಬ್ಬರೂ ಸೇರಿ ಹಾಕಿಕೊಳ್ಳಬಹುದು.