ಜಪಾನಿನಲ್ಲಿ ಮೇಷ್ಟರ ಮೊದಲ ಕೆಲಸ

2007ರ ಅಕ್ಟೋಬರ್ 26ರಂದು ಜಪಾನಿನ ಒಸಾಕಾ ನ್ಯಾಯಾಲಯಕ್ಕೆ ಒಂದು ಅರ್ಜಿ ಬಂದಿತು. ಆ ದೇಶದ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲೆಗಳ ಸಂಸ್ಥೆಯಾಗಿದ್ದ ‘ನೋವಾ’ ಸಾಲದ ಹೊರೆ ತಾಳಲಾರದೆ ರಕ್ಷಣೆ ಬೇಡಿತ್ತು. ನೂರಾರು ಶಾಖೆಗಳಿಗೆ ಬೀಗ ಬಿದ್ದಿತು. ಸುಮಾರು 4000 ವಿದೇಶೀ ಶಿಕ್ಷಕರು ಬೀದಿಗೆ ಬಿದ್ದರು. ಅವರಲ್ಲಿ ಅನೇಕರು ಪದವಿ ಮುಗಿಸಿ ನೇರವಾಗಿ ಅಲ್ಲಿಗೆ ಬಂದಿದ್ದ ತರುಣ ತರುಣಿಯರು. ಸಂಬಳ ಬಾಕಿ ನಿಂತಿತ್ತು. ಸಂಬಳದಲ್ಲಿ ಮುರಿದುಕೊಂಡಿದ್ದ ಬಾಡಿಗೆಯೂ ಹಲವೆಡೆ ಮನೆಯೊಡೆಯರಿಗೆ ಸಂದಿರಲಿಲ್ಲ. ಕೆಲವರು ಪಾಠ ಹೇಳಿ, ಅದಕ್ಕೆ ಪ್ರತಿಯಾಗಿ ಊಟ ಪಡೆದರು. ನಮ್ಮ ನಾಡಿನಲ್ಲಿ ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನ ಉಂಡು ಓದುತ್ತಿದ್ದುದುಂಟು. ಅಲ್ಲಿ ಗುರುಗಳಿಗೇ ಆ ಗತಿ ಒದಗಿತು.

ಅವರು ಸಂಬಳವನ್ನೂ ಸೂರನ್ನೂ ಒಂದೇ ಗೂಟಕ್ಕೆ ಕಟ್ಟಿದ್ದರು. ಗೂಟ ಕಿತ್ತೊಡನೆ ಎರಡೂ ಹೋದವು.

ಜಪಾನಿನಲ್ಲಿ ಇಂಗ್ಲಿಷ್ ಕಲಿಸಬಯಸುವ ಹೊಸ ಪದವೀಧರನಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಸರ್ಕಾರದ ‘ಜೆಟ್’ ಯೋಜನೆ. ನಾಲ್ಕು ದೇಶಗಳ 848 ಮಂದಿಯೊಡನೆ 1987ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಕರಾರು ಒಂದು ವರ್ಷದ್ದು. ಹೆಚ್ಚೆಂದರೆ ಐದು ವರ್ಷಗಳವರೆಗೆ ಮುಂದುವರಿಯಬಹುದು. ಆದರೆ ಅರ್ಜಿ ಹಾಕಿದಂದಿನಿಂದ ಹೊರಡುವವರೆಗೆ ಹಲವು ತಿಂಗಳುಗಳ ಕಾಯುವಿಕೆ. ಊರನ್ನು ಆರಿಸುವ ಸ್ವಾತಂತ್ರ್ಯವೂ ಇಲ್ಲ. ಟೋಕಿಯೋದ ಕನಸು ಕಂಡವನು ಮೀನುಗಾರರ ದ್ವೀಪವೊಂದನ್ನು ಸೇರಬಹುದು. ತರಗತಿಯಲ್ಲಿ ಆತ ಜಪಾನೀ ಅಧ್ಯಾಪಕರ ಸಹಾಯಕ ಮಾತ್ರ.

ಎರಡನೆಯದು ಖಾಸಗಿ ಸಂಭಾಷಣಾ ಶಾಲೆ. ಕೆಲಸ ಬೇಗ ಸಿಕ್ಕುತ್ತದೆ, ನಗರವಾಸ ಒದಗುತ್ತದೆ. ಕಲಿಯುವವರು ಕಚೇರಿ ಮುಗಿಸಿ ಬರುವುದರಿಂದ ಪಾಠ ರಾತ್ರಿಯವರೆಗೂ ಸಾಗುತ್ತದೆ. ಇಲ್ಲಿ ಕರಾರಿನ ಒಂದೊಂದು ಅಂಕಿಯನ್ನೂ ಓದಬೇಕು. ಬಹುಕಾಲ ಅನೇಕ ಕರಾರುಗಳಲ್ಲಿ ವಾರಕ್ಕೆ 29.5 ಗಂಟೆಯ ಕೆಲಸವೆಂದು ಬರೆದಿರುತ್ತಿತ್ತು. ಪೂರ್ಣಾವಧಿಯ ಮುಕ್ಕಾಲು ಪಾಲು, ಅಂದರೆ 30 ಗಂಟೆ, ದುಡಿದವನ ಆರೋಗ್ಯವಿಮೆ ಮತ್ತು ಪಿಂಚಣಿಗೆ ಸಂಸ್ಥೆಯೂ ಪಾಲು ಕೊಡಬೇಕಾಗಿತ್ತು. ಆ ಅರ್ಧ ಗಂಟೆಯ ರಹಸ್ಯ ಅದೇ. 2024ರ ಅಕ್ಟೋಬರಿನಿಂದ 51 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಈ ಮಿತಿ ವಾರಕ್ಕೆ 20 ಗಂಟೆಗೆ ಇಳಿದಿದೆ. ಸಣ್ಣ ಶಾಲೆಗಳ ವಿಷಯದಲ್ಲಿ ಹಳೆಯ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ.

ಕೆಲಸ ಹೋದ ದಿನವೇ ದೇಶ ಬಿಡಬೇಕೆಂಬ ಭಯ ಮಾತ್ರ ನಿಜವಲ್ಲ. ಹದಿನಾಲ್ಕು ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಿ, ಬೇರೆ ಕೆಲಸ ಹುಡುಕಬಹುದು. ಆದರೆ ಸಕಾರಣವಿಲ್ಲದೆ ಮೂರು ತಿಂಗಳು ಸುಮ್ಮನಿದ್ದರೆ ವಾಸದ ಪರವಾನಗಿ ರದ್ದಾಗಬಹುದು.

ನಮ್ಮ ಮಕ್ಕಳಿಗೆ ಇನ್ನೊಂದು ತಡೆಯುಂಟು. ಇಂಗ್ಲಿಷ್ ಮಾತೃಭಾಷೆಯಲ್ಲದವರಿಂದ ಜಪಾನಿನ ಖಾಸಗಿ ಶಾಲೆಗಳು ಸಾಮಾನ್ಯವಾಗಿ ಹನ್ನೆರಡು ವರ್ಷಗಳ ಇಂಗ್ಲಿಷ್ ಮಾಧ್ಯಮದ ಶಿಕ್ಷಣಕ್ಕೆ ದಾಖಲೆ ಕೇಳುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಎಂ.ಎ. ಪಡೆದವನ ಪಾಂಡಿತ್ಯ ಎಷ್ಟೇ ಇರಲಿ, ಈ ದಾಖಲೆಯಿಲ್ಲದೆ ಬಾಗಿಲಲ್ಲೇ ನಿಲ್ಲಬೇಕಾದೀತು. ಮಧ್ಯವರ್ತಿಯ ಕೈಗೆ ಹಣ ಕೊಡುವ ಮೊದಲೇ ಇದನ್ನು ವಿಚಾರಿಸುವುದು ಲೇಸು.

ಮಗ ಅಥವಾ ಮಗಳು ಕರಾರುಪತ್ರ ತಂದು ತೋರಿಸಿದಾಗ ಮನೆಯ ಹಿರಿಯರು ಸಹಜವಾಗಿ ಕೇಳುವ ಪ್ರಶ್ನೆ, “ಸಂಬಳವೆಷ್ಟು?” ಅದರ ಜೊತೆಗೆ ಮತ್ತೆರಡನ್ನು ಕೇಳಲಿ: ಮನೆಯ ಬಾಡಿಗೆ ಪತ್ರ ಯಾರ ಹೆಸರಿನಲ್ಲಿದೆ? ಕೆಲಸ ನಿಂತರೆ ಎರಡು ತಿಂಗಳ ಊಟಕ್ಕೂ ಹಿಂದಿರುಗುವ ಟಿಕೆಟ್ಟಿಗೂ ಹಣವಿದೆಯೆ? ನೋವಾದ ಮೇಷ್ಟರಲ್ಲಿ ಈ ಉತ್ತರಗಳು ಕೈಯಲ್ಲಿದ್ದವರು ಆ ಚಳಿಗಾಲವನ್ನು ಬೇರೆ ಬಗೆಯಲ್ಲಿ ಕಳೆಯಬಹುದಾಗಿತ್ತು.