ಐಕ್ಯೂ ರಿಪೋರ್ಟ್‌ನಲ್ಲಿ ‘ಬಿಕೆಟಿ’ ಎಂದಿದೆಯೇ? ಅದರ ಬೇರು ಇರುವುದು ಮುಂಬೈ-ಕರ್ನಾಟಕದಲ್ಲಿ!

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ಮೂರ್ನಾಲ್ಕು ಭಾಷೆ ಮಾಮೂಲಿ. ಮನೆಯಲ್ಲಿ ಕನ್ನಡ ಅಥವಾ ತುಳು, ಆಟದಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಗು ಓದಿನಲ್ಲಿ ಹಿಂದೆ ಬಿದ್ದರೆ ‘ಒಮ್ಮೆ ಐಕ್ಯೂ ಟೆಸ್ಟ್ ಮಾಡಿಸಿ’ ಎಂಬ ಸಲಹೆ ಬರುತ್ತದೆ. ಕೊನೆಗೆ ಪೋಷಕರ ಕೈಗೆ ಸಿಗುವುದು ಒಂದು ಸಂಖ್ಯೆ. ಆ ಸಂಖ್ಯೆ ಹುಟ್ಟುವುದು ಹೇಗೆ? ಅದನ್ನು ಎಷ್ಟು ನಂಬಬಹುದು?

ಪ್ಯಾರಿಸ್‌ನಲ್ಲಿ ಶುರು

ತರಗತಿಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಫ್ರಾನ್ಸ್‌ನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ 1905ರಲ್ಲಿ 30 ಪ್ರಶ್ನೆಗಳ ಪರೀಕ್ಷೆ ರೂಪಿಸಿದರು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾಗಿರುತ್ತದೆ, ಬದಲಾಗುವುದಿಲ್ಲ ಎಂಬ ವಾದವನ್ನು ಬಿನೆ ಒಪ್ಪಿರಲಿಲ್ಲ. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಇದನ್ನು ಪರಿಷ್ಕರಿಸಿದ ಬಳಿಕ ಐಕ್ಯೂ ಎಂಬ ಪದ ಜನಪ್ರಿಯವಾಯಿತು.

ಕನ್ನಡಕ್ಕೆ ತಂದವರು ಕಾಮತ್

ಆಗ ಥಾಣೆ, ಧಾರವಾಡ ಎರಡೂ ಮುಂಬೈ ಪ್ರಾಂತ್ಯದಲ್ಲಿದ್ದವು. ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಈ ಪರೀಕ್ಷೆಯನ್ನು ಹೊಂದಿಸಿ, 1934ರಲ್ಲಿ ಬ್ರಿಟನ್‌ನ ಶಿಕ್ಷಣ ಮನೋವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ಮುಂಬೈ-ಕರ್ನಾಟಕ ಪರಿಷ್ಕರಣೆ’ ಎಂದು ಹೆಸರಾದ ಇದೇ ಇಂದಿನ ಬಿನೆ-ಕಾಮತ್ ಟೆಸ್ಟ್, ಅಂದರೆ ಬಿಕೆಟಿ.

ಇದರ ಲೆಕ್ಕ ಸರಳ. ಮಗುವಿನ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಲಾಗುತ್ತದೆ. 8 ವರ್ಷದ ಮಗು 6 ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ ಐಕ್ಯೂ 75.

ಬುದ್ಧಿ ಒಂದೇ ಅಥವಾ ಹಲವೇ?

ಎಲ್ಲ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ವಾದಿಸಿದರು. ಲಂಡನ್‌ನಲ್ಲಿ ಅವರ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭಿಸಿದರು. ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರ ಸ್ಥಾಪಿಸಿದವರೂ ಇವರೇ. 1983ರಲ್ಲಿ ಹೊವಾರ್ಡ್ ಗಾರ್ಡ್‌ನರ್ ಭಾಷೆ, ಸಂಗೀತ, ಗಣಿತ ಹೀಗೆ ಬುದ್ಧಿ ಹಲವು ಬಗೆ ಎಂದರು. ಚರ್ಚೆ ಇನ್ನೂ ಮುಗಿದಿಲ್ಲ.

ಅಳತೆಗೋಲು ಹಳೆಯದಾದರೆ?

ಅಮೆರಿಕದಲ್ಲಿ 1932ರಿಂದ 1978ರ ನಡುವೆ ಸರಾಸರಿ ಐಕ್ಯೂ ಸುಮಾರು 14 ಅಂಕ ಏರಿತ್ತು ಎಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಹೀಗಾಗಿ ಹಳೆಯ ಪರೀಕ್ಷೆಯಲ್ಲಿ ಇಂದಿನ ಮಗುವಿಗೆ ಹೆಚ್ಚು ಅಂಕ ಬಂದು, ನಿಜವಾದ ಕೊರತೆ ಮರೆಯಾಗಬಹುದು. ಅದೇ ಮಗುವಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಅಂಕ ಇಳಿಯುತ್ತದೆ.

ಈ ಏರಿಳಿತ ಬರೀ ಕಾಗದದ ಮೇಲಿನದ್ದಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಬೌದ್ಧಿಕ ನ್ಯೂನತೆ ಗುರುತಿಸಲು ಬಿಕೆಟಿ ಅಥವಾ ನಾಗ್ಪುರದಲ್ಲಿ ರೂಪುಗೊಂಡ ‘ಮಿಸಿಕ್’ ಪರೀಕ್ಷೆಯನ್ನು ಹೆಸರಿಸಿತ್ತು. ಅದರ ಪ್ರಕಾರ, ಡಿಸ್‌ಲೆಕ್ಸಿಯಾದಂತಹ ಕಲಿಕಾ ನ್ಯೂನತೆ ಎನ್ನಲು ಐಕ್ಯೂ 85ಕ್ಕಿಂತ ಹೆಚ್ಚಿರಬೇಕಿತ್ತು. ನಂತರ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆ ಮಾಡಬೇಕಿತ್ತು. ಅಂದರೆ ಕೆಲವೇ ಅಂಕಗಳ ವ್ಯತ್ಯಾಸದಿಂದ ಮಗುವಿಗೆ ಸಿಗಬೇಕಾದ ಸೌಲಭ್ಯ ತಪ್ಪಿಹೋಗಬಹುದಿತ್ತು.

ಪೋಷಕರು ಏನು ಕೇಳಬೇಕು?

* ಯಾವ ಪರೀಕ್ಷೆ ಮಾಡಿದಿರಿ? ಅದರ ಮಾನದಂಡ ಯಾವ ಕಾಲದ್ದು?
* ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದಿರಿ? ಮಗು ಮನೆಯಲ್ಲಿ ಮಾತನಾಡುವ ಭಾಷೆಯನ್ನು ಮೊದಲೇ ತಿಳಿಸಿ.
* ಭಾಷೆ ಹೆಚ್ಚು ಬೇಡದ, ಚಿತ್ರ-ಬ್ಲಾಕ್‌ಗಳ ಪರೀಕ್ಷೆಯನ್ನೂ ಮಾಡಿದ್ದೀರಾ?
* ಊಟ, ಬಟ್ಟೆ, ಅಂಗಡಿ ಲೆಕ್ಕದಂತಹ ದಿನನಿತ್ಯದ ಕೌಶಲಗಳನ್ನು ಪರಿಶೀಲಿಸಿದ್ದೀರಾ?

ಪರೀಕ್ಷೆಯನ್ನು ತರಬೇತಿ ಪಡೆದ ಮನೋವಿಜ್ಞಾನಿಯಿಂದಲೇ ಮಾಡಿಸಿ. ಮೊಬೈಲ್‌ನಲ್ಲಿ ಸಿಗುವ ಉಚಿತ ಐಕ್ಯೂ ಟೆಸ್ಟ್‌ಗಳನ್ನು ಇದಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮುಖ್ಯವಾಗಿ, ಮಗುವಿನ ಎದುರು ಆ ಸಂಖ್ಯೆ ಹೇಳಿ ಹೀಯಾಳಿಸಬೇಡಿ. ಯಾವ ಮಗುವಿಗೆ ಎಂಥ ನೆರವು ಬೇಕು ಎಂದು ತಿಳಿಯಲೆಂದೇ ಬಿನೆ ಈ ಪರೀಕ್ಷೆ ರೂಪಿಸಿದ್ದು.