ಬೈಕ್, ಟೆಂಟ್, ರೊಟ್ಟಿ ಬುತ್ತಿ: ಗಂಡ-ಹೆಂಡ್ತಿ ಕಡಿಮೆ ರೊಕ್ಕದಾಗ ಯಲ್ಲಾಪುರ-ದಾಂಡೇಲಿ ಸುತ್ತೋದು ಹೆಂಗ?

ಕಲಘಟಗಿ: ರಜೆ ಬಂತಂದ್ರ ಸಾಕು, ಹುಬ್ಬಳ್ಳಿ-ಅಂಕೋಲಾ ರಸ್ತೆ ಮೇಲೆ ಬ್ಯಾಗ್ ಕಟ್ಟಿಕೊಂಡ ಬೈಕ್‌ಗಳು ಸಾಲುಸಾಲಾಗಿ ಹೋಗ್ತಾವ. "ರೀ, ನಾವೂ ಒಂದ್ಸಲ ಹೋಗೂಣಲ್ರಿ" ಅಂತ ಮನೆಯಲ್ಲೂ ಮಾತು ಬರ್ತದ. ರೆಸಾರ್ಟ್ ದರ ಕೇಳಿದ ಕೂಡಲೇ ಆ ಮಾತು ಅಲ್ಲಿಗೇ ನಿಲ್ತದ. ಸ್ವಂತ ಟೆಂಟ್ ಇದ್ದರೆ ಖರ್ಚು ಬಹಳ ಇಳಿಯುತ್ತದೆ. ಆದರೆ ಅದನ್ನು ಎಲ್ಲಿ ಹಾಕೋದು ಅನ್ನೋದು ಮೊದಲೇ ಗೊತ್ತಿರಬೇಕು.

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಮಾಗೋಡು, ದಾಂಡೇಲಿ, ಗಣೇಶಗುಡಿ ನೋಡಿ ಧಾರವಾಡದ ಮೇಲೆ ವಾಪಸ್ ಬಂದರೆ ಸುಮಾರು 300 ಕಿ.ಮೀ. ಲೀಟರಿಗೆ 50 ಕಿ.ಮೀ. ಕೊಡೋ ಬೈಕ್‌ಗೆ 6 ಲೀಟರ್ ಪೆಟ್ರೋಲ್. ನವಲಗುಂದ, ಅಣ್ಣಿಗೇರಿ ಕಡೆಯವರು ಇನ್ನೊಂದೂವರೆ ಲೀಟರ್ ಸೇರಿಸಿಕೊಳ್ಳಬೇಕು. ಎರಡು ರಾತ್ರಿಗೆ ಇಷ್ಟು ಸುತ್ತು ಸಾಕು.

ಕಲಘಟಗಿ ತಾಲೂಕಿನಲ್ಲಿ ಹಳ್ಳದಂಗ ಕಾಣೋ ಬೇಡ್ತಿಯೇ ಮುಂದೆ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಧುಮುಕುತ್ತದೆ. ನಮ್ಮ ನೀರು ಅಲ್ಲಿ ಹೋಗಿ ಏನಾಗ್ತದ ಅಂತ ಒಮ್ಮೆಯಾದರೂ ನೋಡಬೇಕು. ಅದೇ ಕಡೆ ಕವಡಿಕೆರೆಯೂ ಇದೆ, ಸೂರ್ಯಾಸ್ತಕ್ಕೆ ಜೇನುಕಲ್ಲು ಗುಡ್ಡವೂ ಇದೆ.

ಈಗ ಟೆಂಟ್ ವಿಷಯ. ಈ ಭಾಗದ ಕಾಡು ಬಹುಪಾಲು ಅರಣ್ಯ ಇಲಾಖೆಯದು. ದಾಂಡೇಲಿ, ಅಣಶಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಕಾಡಿನಲ್ಲಿ ಅನುಮತಿ ಇಲ್ಲದೆ ಒಳಹೋಗೋದು, ಬೆಂಕಿ ಹಚ್ಚೋದು ಅಪರಾಧ. ವಿಡಿಯೊ ನೋಡಿ ಕಾಡೊಳಗೆ ಟೆಂಟ್ ಹಾಕಿದರೆ ಉಳಿಸಿದ ರೊಕ್ಕ ದಂಡಕ್ಕೇ ಹೋದೀತು, ಕೇಸ್ ಬೇರೆ.

ಹೊಳೆ ದಂಡೆಯೂ ಬೇಡ. ಗಣೇಶಗುಡಿಯ ಸೂಪಾ ಆಣೆಕಟ್ಟಿನ ಎತ್ತರ 101 ಮೀಟರ್. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗೆ ಕಾಳಿ ನದಿ ಮಳೆ ಇಲ್ಲದೆಯೂ ಏರುತ್ತದೆ. ಸಂಜೆ ಒಣಗಿದ್ದ ಕಲ್ಲು ಬೆಳಗ್ಗೆ ನೀರಿನಡಿ ಇರಬಹುದು. ದಾಂಡೇಲಿ ಹತ್ತಿರ ಮೊಸಳೆಗಳೂ ಇವೆ.

ಹಂಗಾದ್ರ ಎಲ್ಲಿ? ದಾಂಡೇಲಿ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯದೇ ಪ್ರಕೃತಿ ಶಿಬಿರ ಇದೆ. ಅಲ್ಲಿ ಅವರದೇ ಟೆಂಟ್‌ಗಳಿವೆ, ಮುಂಚೆಯೇ ಬುಕ್ ಮಾಡಬೇಕು. ಯಲ್ಲಾಪುರ ಕಡೆ ಅಡಿಕೆ ತೋಟದ ಹೋಂಸ್ಟೇಗಳಿವೆ. ಫೋನ್ ಮಾಡಿ, "ರೂಮ್ ಬೇಡ್ರಿ, ಅಂಗಳದಾಗ ನಮ್ಮ ಟೆಂಟ್ ಹಾಕ್ತೀವಿ, ಸಂಡಾಸ-ಬಚ್ಚಲು ಕೊಟ್ರ ಸಾಕು, ಎಷ್ಟ್ ತಗೋತೀರಿ?" ಅಂತ ನೇರ ಕೇಳಿ. ಎಲ್ಲರೂ ಒಪ್ಪೋದಿಲ್ಲ. ಒಪ್ಪಿದರೆ ರೂಮಿಗಿಂತ ಅಗ್ಗ. ಹೆಣ್ಮಕ್ಕಳಿಗೆ ಬಚ್ಚಲಿನ ಚಿಂತೆ ತಪ್ಪಿದರೆ ಅರ್ಧ ಪ್ರವಾಸ ಗೆದ್ದಂಗ. ಇಬ್ಬರದೂ ಆಧಾರ್ ಕಾರ್ಡ್ ಜೊತೆಗಿರಲಿ.

ಸಾಮಾನು ಬಹಳ ಬೇಡ. ನಮ್ಮ ಎರಿ ಹೊಲದಾಗ ಗೂಟ ಸಲೀಸಾಗಿ ಇಳೀತದ. ಅಲ್ಲಿ ಕೆಂಪು ಜಂಬಿಟ್ಟಿಗೆ ನೆಲ, ಟೆಂಟ್ ಜೊತೆ ಬರೋ ತೆಳು ಗೂಟ ಡೊಂಕಾಗ್ತಾವ. ನಾಲ್ಕು ಗಟ್ಟಿ ಕಬ್ಬಿಣದ ಗೂಟ ಊರಲ್ಲೇ ಮಾಡಿಸಿಕೊಳ್ಳಿ. ಕೆಳಗೆ ತಾಡಪತ್ರಿ, ಅದರ ಮೇಲೆ ಮನೆಯಲ್ಲಿರೋ ನವಲಗುಂದ ಜಮಖಾನ ಹಾಸಿದರೆ ಬೇರೆ ಚಾಪೆಗೆ ರೊಕ್ಕ ಹಾಕಬೇಕಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇದ್ದರೆ ಹೊಟ್ಟೆ ಖರ್ಚೂ ಕಡಿಮೆ. ಬಿಸಿ ಊಟ ದಿನಕ್ಕೊಮ್ಮೆ ಖಾನಾವಳಿಯಲ್ಲಿ ಆದೀತು.

ಮಳೆಗಾಲದಲ್ಲಿ ಟೆಂಟ್ ಸೋರುತ್ತದೆ, ಉಂಬಳ ಬಿಡೋದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗೋದು ಒಳ್ಳೇದು. ಆಗ ರಾತ್ರಿ ಥಂಡಿ ಜೋರು, ಎರಡು ಕೌದಿ ಬೇಕೇ ಬೇಕು. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಸಿಗೋದು ಅಪರೂಪ, ಫೋನ್‌ಪೇ ನಂಬಬ್ಯಾಡ್ರಿ. ಪೆಟ್ರೋಲ್ ಮತ್ತು ನಗದು ಎರಡೂ ಯಲ್ಲಾಪುರದಲ್ಲೇ ತುಂಬಿಕೊಂಡು ಮುಂದೆ ಹೋಗಿ.